ಗ್ಯಾಸ್‌ಲೈಟಿಗೆ ಬಂದ ಆಮೆಮರಿಗಳು

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬೈಕುಲ್ಲಾದ ಹೋಟೆಲೊಂದರಲ್ಲಿ ಲೋಟ ತೊಳೆದು, ಹಿಟ್ಟು ರುಬ್ಬಿ, ಐವತ್ತರ ದಶಕದಲ್ಲಿ ವರ್ಸೋವಾದ ಸಮುದ್ರದ ದಂಡೆಯ ಮೇಲೆ ನನ್ನದೇ ಹೋಟೆಲ್ ಹಾಕಿದೆ. ತಟ್ಟಿಯ ಗೋಡೆ, ತೆಂಗಿನ ಮಡಲಿನ ಮಾಡು, ಎರಡು ಬೆಂಚು. ಅದನ್ನು ಹೋಟೆಲ್ ಎನ್ನಲು ನನಗೆ ಯಾವ ಸಂಕೋಚವೂ ಇರಲಿಲ್ಲ. ಒಲೆಯ ಹತ್ತಿರ ನಾನು, ದುಡ್ಡಿನ ಗಲ್ಲೆಯಲ್ಲಿ ಅಕ್ಕನ ಗಂಡ, ನನ್ನ ಭಾವ. ಮೀನಿಗೆ ಹೊರಡುವ ಕೋಲಿ ಬೆಸ್ತರು ಬೆಳಕು ಹರಿಯುವ ಮೊದಲೇ ಚಹಾಕ್ಕೆ ಬರುತ್ತಿದ್ದರು. ಹಾಗಾಗಿ ಬಾಗಿಲಿಗೆ ಸೀಮೆಎಣ್ಣೆಯ ಗ್ಯಾಸ್‌ಲೈಟ್ ತೂಗುಹಾಕಿಯೇ ನಮ್ಮ ದಿನ ಶುರು.

ಹೋಳಿ ಕಳೆದ ಹೊಸತರಲ್ಲಿ ಒಂದು ನಸುಕಿಗೆ ಬಾಗಿಲ ಮುಂದೆ ಮರಳೇ ಹರಿದಾಡಿದಂತೆ ಕಂಡಿತು. ಬಗ್ಗಿ ನೋಡಿದರೆ ಆಮೆಮರಿಗಳು. ಒದ್ದೆ ಇದ್ದಿಲಿನ ಬಣ್ಣ, ಗೋಳಿಬಜೆಗಿಂತ ಚಿಕ್ಕವು. ಆಗ ತಾನೇ ಮರಳಿನೊಳಗೆ ಮೊಟ್ಟೆ ಒಡೆದು ಬಂದವು, ಸಮುದ್ರಕ್ಕೆ ಬೆನ್ನು ಹಾಕಿ ನಮ್ಮ ದೀಪದ ಕಡೆ ತೆವಳುತ್ತಿದ್ದವು.

ಭಾವ ಕೈ ಮುಗಿದೇ ಬಿಟ್ಟರು. "ಕೂರ್ಮಾವತಾರ ಮಾರಾಯ! ನಾವು ಕರೆದದ್ದಲ್ಲ, ಹುಡುಕಿಕೊಂಡು ಬಂದದ್ದು."

"ಚಹಾಕ್ಕೆ ಬಂದದ್ದಿರಬೇಕು," ಎಂದೆ.

"ನಿನಗೆ ಎಲ್ಲ ತಮಾಷೆ."

ಊರಿನ ದೇವಸ್ಥಾನದ ಕೆರೆಯಲ್ಲಿ ಆಮೆಗಳಿಗೆ ಅರಳು ಹಾಕಿ ಬೆಳೆದವರು ನಾವು. ಆಮೆ ಎಂದರೆ ಕೆರೆಯದ್ದು, ಸಿಹಿನೀರಿನದ್ದು. ಭಾವ ದೊಡ್ಡ ಬೋಗುಣಿಗೆ ಬಾವಿಯ ನೀರು ತುಂಬಿಸಿ, ತುಳಸಿದಳ ಬಿಟ್ಟು, ಮರಿಗಳನ್ನು ಹೆಕ್ಕಿ ಹಾಕಿ, ಅರಳು ಉದುರಿಸಿದರು. ನಾನೂ ಬೇಡ ಎನ್ನಲಿಲ್ಲ. ಆ ಬೆಳಿಗ್ಗೆ ಗಿರಾಕಿಗಳಿಗೆ ಚಹಾಕ್ಕಿಂತ ಮೊದಲು ದರ್ಶನ. ಮೀನು ಮಾರುವ ಮುದುಕಿಯೊಬ್ಬಳು ಇಣುಕಿ, "ಕಾಯ್ ಅಣ್ಣಾ, ಆಜ್ ಸಾಂಬಾರಾತ್ ಕಾಸವ್ ಕಾ?" ಎಂದಳು. ಇವತ್ತು ಸಾಂಬಾರಿಗೆ ಆಮೆಯೋ ಎಂದು. ಭಾವ "ರಾಮ ರಾಮ" ಎನ್ನುತ್ತ ಬೋಗುಣಿಯನ್ನು ಅವಳ ಕಣ್ಣಿಗೆ ಬೀಳದ ಹಾಗೆ ಹಿಂದಕ್ಕೆಳೆದರು.

ಮಧ್ಯಾಹ್ನದ ಹೊತ್ತಿಗೆ ಅರಳು ಹಾಗೆಯೇ ಉಬ್ಬಿ ನಿಂತಿತ್ತು. ಅದರ ನಡುವೆ ಒಂದು ಮರಿ ಕೈಕಾಲು ಬಿಟ್ಟು ತೇಲುತ್ತಿತ್ತು. ಬೆರಳಲ್ಲಿ ಮುಟ್ಟಿದೆ, ಅಲುಗಲಿಲ್ಲ. ಉಳಿದವು ಬೋಗುಣಿಯ ಪಡುಬದಿಗೆ ಒತ್ತಿಕೊಂಡು ಪರಚುತ್ತಿದ್ದವು. ಬೋಗುಣಿ ತಿರುಗಿಸಿದೆ. ಮತ್ತೆ ಅಷ್ಟೂ ಪಡುವಣಕ್ಕೇ, ಸಮುದ್ರ ಹೊಳೆಯುವ ಕಡೆಗೇ.

"ಭಾವ, ಇವಕ್ಕೆ ನಮ್ಮ ಬಾವಿ ಬೇಡ, ಸಮುದ್ರ ಬೇಕು. ಇಲ್ಲಿಟ್ಟರೆ ಎಲ್ಲ ಸಾಯ್ತವೆ."

"ಬಂದ ದೇವರನ್ನು ಹೊರಗೆ ಹಾಕ್ಲಿಕ್ಕುಂಟಾ?"

"ನಮ್ಮ ಕೈಯಲ್ಲಿ ಸತ್ತರೆ ಮತ್ತೆ ಎಂಥ ಮಾಡುವುದು?"

ಭಾವ ತೇಲುವ ಮರಿಯನ್ನು ನೋಡಿ ಬೋಗುಣಿಯನ್ನು ನನ್ನ ಕಡೆಗೆ ದೂಡಿದರು. ಹಗಲಲ್ಲಿ ಬಿಟ್ಟರೆ ಕಾಗೆ, ಹದ್ದು. ನೀರು ಚೆಲ್ಲಿ, ಒದ್ದೆ ಮರಳು ಹಾಸಿ, ಸೂರ್ಯ ಮುಳುಗುವವರೆಗೆ ನೆರಳಲ್ಲಿಟ್ಟೆ.

ಸಂಜೆ ನೀರಿಗಿಂತ ಸ್ವಲ್ಪ ಮೇಲೆ ಬೋಗುಣಿ ಓರೆ ಮಾಡಿದೆ. ಮರಿಗಳು ಸರಿಯಾಗಿ ನೀರಿನ ಕಡೆಗೇ ಹೊರಟವು. ಅಷ್ಟರಲ್ಲಿ ಬೆನ್ನ ಹಿಂದೆ ಬೆಳಕು. ದೀಪ ಹಚ್ಚುವ ಹೊತ್ತಲ್ಲವೇ, ಭಾವ ಅಭ್ಯಾಸದಂತೆ ಗ್ಯಾಸ್‌ಲೈಟ್ ಹಚ್ಚಿ ಬಾಗಿಲಿಗೆ ತೂಗುಹಾಕಿದ್ದರು. ಮರಿಗಳು ನಿಂತವು. ಒಂದೊಂದೇ ತಿರುಗಿ ಹೋಟೆಲಿನ ದಾರಿ ಹಿಡಿದವು. ಕೈಯಿಂದ ತಿರುಗಿಸಿಟ್ಟರೂ ಅದೇ.

"ಭಾವಾ, ದೀಪ ಶಾಂತ ಮಾಡಿ!"

"ಮುಸ್ಸಂಜೆಗಾ? ತಲೆ ಸಮ ಉಂಟಾ ನಿನಗೆ? ಲಕ್ಷ್ಮಿ ಬರುವ ಹೊತ್ತು!"

"ಇಲ್ಲಿ ವಿಷ್ಣು ವಾಪಸು ಬರ್ತಿದ್ದಾನೆ, ನೋಡಿ!"

ಭಾವ ಇಳಿದು ಬಂದು ನೋಡಿದರು. ಆ ಹೊತ್ತಿನ ದೀಪವನ್ನು ಜನ್ಮದಲ್ಲಿ ಆರಿಸಿದವರಲ್ಲ. ವಾಪಸು ಹೋದರು. ಗ್ಯಾಸ್‌ಲೈಟಿನ ಗಾಳಿ ಬಿಟ್ಟ ಸದ್ದು ಕೇಳಿತು, ಹೋಟೆಲ್ ಕತ್ತಲಾಯಿತು. ಒಲೆಯ ಬಾಯಿಗೂ ತಗಡು ಮುಚ್ಚಿದರು.

"ಅರೇ ಶೇಟ್, ಬತ್ತಿ ಲಗಾವ್!" ದೀಪ ಹಚ್ಚು ಎಂದು ಒಳಗೆ ಗಿರಾಕಿಗಳ ಬೊಬ್ಬೆ.

ಕತ್ತಲಲ್ಲಿ ಕುಡಿದರೂ ಚಹಾ ಬಾಯಿಗೇ ಹೋಗುತ್ತದೆ, ಕಿವಿಗಲ್ಲ ಎಂದು ಭಾವ ತಮ್ಮ ಹರಕು ಹಿಂದಿಯಲ್ಲಿ ಗದರಿದ್ದು ನನಗೆ ಕೇಳಿಸಿತು.

ಮರಿಗಳು ಸ್ವಲ್ಪ ಹೊತ್ತು ಅಲ್ಲೇ ಇದ್ದು, ಪಡುವಣದಲ್ಲಿ ಉಳಿದಿದ್ದ ಬಿಳುಪಿಗೆ ತಿರುಗಿದವು. ಮೊದಲ ತೆರೆ ಕೆಲವನ್ನು ವಾಪಸು ತಂದು ಹಾಕಿತು, ಮುಂದಿನದು ಒಯ್ದಿತು. ಕೊನೆಯದು ಇಳಿಯುವವರೆಗೆ ನಾನು ಕದಲಲಿಲ್ಲ.

ಬೋಗುಣಿ ತೊಳೆದು ತಂದಾಗ ಭಾವ ಬಾಗಿಲಲ್ಲೇ ಕೂತಿದ್ದರು.

"ಹೋದವಾ?"

"ಹೋದವು."

ಎದ್ದು ಕೈಕಾಲು ತೊಳೆದು ಗ್ಯಾಸ್‌ಲೈಟಿಗೆ ಪಂಪ್ ಹೊಡೆದರು. ಹೊತ್ತಿದ ಮೇಲೆ ಎರಡೆರಡು ಸಲ ಕೈ ಮುಗಿದರು. ಮಾರನೆಯ ನಸುಕಿಗೆ ನಾನು ಎದ್ದು ನೋಡುವಾಗ, ದೀಪ ಬಾಗಿಲಲ್ಲಿರಲಿಲ್ಲ. ಒಳಗೆ ತೂಗುತ್ತಿತ್ತು, ಬೆಳಕು ಮರಳಿಗೆ ಬೀಳದ ಹಾಗೆ ಸಮುದ್ರದ ಬದಿಗೆ ಗೋಣಿ ಕಟ್ಟಿತ್ತು.

"ಮರಳಿನಡಿಯಿಂದ ಮತ್ತೆ ಯಾರಾದರೂ ಬರ್ಲಿಕ್ಕಿದ್ದರೆ?" ಎಂದರು ಭಾವ.