ಹೆಣ್ಣು ನೋಡುವಾಗ ಕೆಮ್ಮಬಾರದು

ಹೋದ ತಿಂಗಳು ಹರಿಹರದಲ್ಲಿ ನಮ್ಮಣ್ಣನ ಮಗಳು ಗಿರಿಜಾಳನ್ನು ನೋಡಲು ದಾವಣಗೆರೆಯಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗಿ ಚೆನ್ನಾಗಿ ಹಾಡುತ್ತಾಳೆ. ಅವತ್ತು ಎರಡನೇ ಸಾಲಿಗೇ ಕೆಮ್ಮಿದಳು. ಸಂಬಂಧ ಅಲ್ಲಿಗೇ ನಿಂತಿತು.

ಅವಳದೇನು ತಪ್ಪು? ಗಂಡು ಬರುವ ದಿನ ಅಣ್ಣನ ಮನೆಯಲ್ಲಿ ಬೀದಿ ಕಡೆಯ ಕಿಟಕಿ ಮುಚ್ಚುತ್ತಾರೆ. (ಮಾತು ಗಟ್ಟಿಯಾಗುವ ತನಕ ಎದುರುಮನೆಯವರ ಕಣ್ಣಿಗೆ ಬೀಳಬಾರದು ನೋಡಿ.) ಎಲೆಅಡಿಕೆ ತಟ್ಟೆಯಲ್ಲಿ ಒಂದು ಪ್ಯಾಕ್ ಸಿಗರೇಟು, ಬೆಂಕಿಪೊಟ್ಟಣ ಇಡುತ್ತಾರೆ. ಇಡದಿದ್ದರೆ ಬಂದವರಿಗೆ ಮರ್ಯಾದೆ ಕಡಿಮೆಯಾದಂತೆ. ಒಂದು ಪಡಸಾಲೆ, ಎಂಟು ಜನ ಗಂಡಸರು. ಉಪ್ಪಿಟ್ಟು, ಚಹಾ ಮುಗಿಯುವಷ್ಟರಲ್ಲಿ ಹೊಗೆಯೊಳಗೆ ಎದುರಿಗೆ ಕೂತವರ ಮೀಸೆ ಕಾಣುತ್ತಿರಲಿಲ್ಲ. ನಾನೂ ಎರಡು ಸೇದಿದ್ದೆ. ಸುಳ್ಳು ಯಾಕೆ ಹೇಳಲಿ?

ಹುಡುಗನ ದೊಡ್ಡಪ್ಪ ಬೂದಿ ಕೊಡವುತ್ತಾ, "ಒಂದು ಹಾಡು ಹೇಳವ್ವ" ಅಂದರು. ಅವರೇ ಅದಕ್ಕೆ ಮೊದಲು ನಾಲ್ಕು ಸಲ ಕೆಮ್ಮಿದ್ದರು. ಸೇದುವವರು ಕೆಮ್ಮಿದರೆ ಅದು ಬರೀ ಸಿಗರೇಟಿನ ಕೆಮ್ಮು. ಸೇದದವಳು ಕೆಮ್ಮಿದರೆ ರೋಗ!

ನಾಲ್ಕನೇ ದಿನ ಮಧ್ಯಸ್ಥರು ಬಂದರು. "ಹುಡುಗಿ ಲಕ್ಷಣ ಅದಾಳಂತ್ರಿ. ಆದ್ರೆ ಎದೆಯಾಗೆ ಏನೋ ಐತೆ ಅಂತಾರೆ."

ಕ್ಷಯ ಅನ್ನುವ ಪದವನ್ನು ಯಾರೂ ಆಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ. ಊರಲ್ಲಿ ಈ ಮಾತು ಹಬ್ಬಿದರೆ ಹುಡುಗಿಗೆ ಇನ್ನೊಂದು ಗಂಡು ಎಲ್ಲಿಂದ ತರುವುದು? ಅತ್ತಿಗೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಬಸ್ಸು ಹತ್ತಿ ದಾವಣಗೆರೆಗೆ ಹೋಗಿ ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, "ಟಿ.ಬಿ. ಗೀಬಿ ಏನೂ ಇಲ್ಲ. ಮನೆಯಾಗೆ ಯಾರು ಸೇದ್ತೀರಿ?" ಅಂದರು.

"ನಾನ್ರಿ" ಅಂದ ಅಣ್ಣ. "ಮಗಳು ಮುಟ್ಟಿ ಸಹಾ ನೋಡಿಲ್ರಿ!"

"ನೀವು ಬಿಟ್ಟ ಹೊಗೆ ಎಲ್ಲಿಗೆ ಹೋಗ್ತೈತೆ ಅಂದ್ಕೊಂಡೀರಿ? ಹುಟ್ಟಿದಾಗಿಂದ ಆಕೆನೂ ಸೇದ್ತಾನೇ ಅದಾಳೆ. ಹಿಂಗೇ ನಡೆದ್ರೆ ಕೆಮ್ಮು ಹೋಗಿ ದಮ್ಮು ಗಂಟುಬೀಳಬಹುದು. ಹೊಗೆಯಿಂದ ದೂರ ಇಡ್ರಿ. ಮೊದಲನೇ ಔಷಧ ಅದು."

ಮೆಟ್ಟಿಲಿಳಿಯುವಾಗ ಅಣ್ಣನ ಕೈ ಜೇಬಿಗೆ ಹೋಯಿತು. ಮಗಳನ್ನು ನೋಡಿ ಖಾಲಿ ಕೈ ಹೊರಗೆ ತೆಗೆದ. ಅವತ್ತಿನಿಂದ ಬೀದಿಗೆ ಹೋಗಿ ಸೇದುತ್ತಾನೆ. ಹದಿನೈದು ದಿನಕ್ಕೆ ಗಿರಿಜಾಳ ಕೆಮ್ಮು ಮುಕ್ಕಾಲು ಪಾಲು ಇಳಿಯಿತು.

ಎಕ್ಸ್‌ರೇಯನ್ನು ಡಾಕ್ಟರ ಚೀಟಿಯ ಸಮೇತ ಗಂಡಿನ ಮನೆಗೆ ಮುಟ್ಟಿಸಿದೆವು. "ಎದೆ ಚೊಕ್ಕ ಐತಲ್ರಿ! ಬರ್ರಿ, ಮನೆ ನೋಡ್ಕೊಂಡು ಹೋಗ್ರಿ" ಅಂತ ಹೇಳಿಕಳಿಸಿದರು.

ಹೋದ ಭಾನುವಾರ ಐದು ಜನ ದಾವಣಗೆರೆಯ ವಿದ್ಯಾನಗರಕ್ಕೆ ಹೋದೆವು. ಹೆಣ್ಣು ಕೊಡುವ ಮನೆ ನೋಡುವುದರಲ್ಲಿ ನಮ್ಮವರನ್ನು ಮೀರಿಸುವವರುಂಟೇ? ನಳ ತಿರುಗಿಸಿದೆವು. ಅಟ್ಟಕ್ಕೆ ಹತ್ತಿದೆವು. ಅತ್ತಿಗೆ ಒರಳುಕಲ್ಲನ್ನೂ ಬಿಡಲಿಲ್ಲ. ಆಮೇಲೆ ಹುಡುಗನ ಅಪ್ಪ, ದೊಡ್ಡಪ್ಪ, ಇಬ್ಬರು ಅಣ್ಣಂದಿರು ಪಡಸಾಲೆಯಲ್ಲಿ ಕೂತು ಸಿಗರೇಟು ಹಚ್ಚಿದರು. ನಮ್ಮ ಮುಂದೆಯೂ ಪ್ಯಾಕ್ ಹಿಡಿದರು. ಬೀಗರು ಕೊಟ್ಟಿದ್ದನ್ನು ಬ್ಯಾಡ ಅನ್ನಲಾದೀತೇ? ಅಣ್ಣನೂ ಹಚ್ಚಿದ, ನಾನೂ ಹಚ್ಚಿದೆ. ಅಲ್ಲೇ ಮಾತು ಮುಗಿಸಿ, ಸಕ್ಕರೆ ಹಂಚಿ ಬಂದೆವು.

ಸಂಜೆ ಮನೆ ಮುಟ್ಟುತ್ತಲೇ ಗಿರಿಜಾ ಕೇಳಿದಳು: "ಮನೆ ಹೆಂಗೈತೆ, ಕಾಕಾ?"

"ಬಂಗಾರದಂಥ ಮನೆ ಬಿಡವ್ವ. ಮೂರು ಹೊತ್ತೂ ನೀರು ಬರ್ತೈತೆ."

"ಅಲ್ಲಿ ಎಷ್ಟು ಮಂದಿ ಸೇದ್ತಾರೆ?"

ಅಣ್ಣ ನನ್ನ ಮುಖ ನೋಡಿದ. ನಾನು ಅತ್ತಿಗೆಯ ಮುಖ ನೋಡಿದೆ.

ಒರಳುಕಲ್ಲಿನವರೆಗೂ ನೋಡಿ ಬಂದ ಐದು ಜನ ದೊಡ್ಡವರಿಗೆ, ಹುಡುಗಿ ಆ ಮನೆಯಲ್ಲಿ ಉಸಿರಾಡಲೂ ಬೇಕು ಅನ್ನುವುದು ಯಾಕೆ ಹೊಳೆಯಲಿಲ್ಲ?