ಕುಂಕುಮ ಹತ್ತಿದ ಬ್ಲಾಕು

"ಇದಕ್ಕೆ ಕುಂಕುಮ ಹಚ್ಚಿದ್ದು ಯಾರು?" ಎಂದು ಲ್ಯಾಬಿನ ಅಕ್ಕ ತಮಿಳಿನಲ್ಲಿ ಕೇಳಿದಾಗ ನಾನು ಹಿಂದೆ ತಿರುಗಿದೆ. ಮಾವ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದರು.

ಅಕ್ಕನ ಕೈಯಲ್ಲಿದ್ದದ್ದು ಬೆಂಕಿಪೆಟ್ಟಿಗೆಗಿಂತ ಸಣ್ಣ ಪ್ಲಾಸ್ಟಿಕ್ ಚೌಕಟ್ಟು, ಅದರ ಮೇಲೊಂದು ಮೇಣದ ಗಟ್ಟಿ. ಮೇಣದೊಳಗೆ ಮಾವನ ಪ್ರಾಸ್ಟೇಟ್ ಗ್ರಂಥಿಯಿಂದ ಸೂಜಿ ಹಾಕಿ ತೆಗೆದ ಮಾಂಸದ ಎರಡು ಎಳೆ. ಶ್ಯಾವಿಗೆಗಿಂತ ತೆಳು. ಇದಕ್ಕೆ ಬ್ಲಾಕ್ ಎನ್ನುತ್ತಾರೆ. ಆ ಬ್ಲಾಕಿನ ಒಂದು ಮೂಲೆ ಕರಗಿ ಜಾರಿತ್ತು. ನಡುವೆ ಕುಂಕುಮದ ಬೊಟ್ಟು. ನಂಬರ್ ಬರೆದ ಅಂಚಿಗೆ ಎಣ್ಣೆ.

ಮಾವ ಪುರಸೈವಾಕ್ಕಂನ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುವವರು. ನಾನು ಏಳನೇ ಕ್ಲಾಸು ಬಿಟ್ಟು ಕುಂದಾಪುರದ ಕಡೆಯಿಂದ ಬಂದಾಗ ಕೈಗೆ ಸಟ್ಟುಗ ಕೊಟ್ಟವರು. ಈಗ ಇಬ್ಬರೂ ಅಕ್ಕಪಕ್ಕದ ಕಲ್ಲಿನಲ್ಲಿ ದೋಸೆ ಹುಯ್ಯುತ್ತೇವೆ. ಅವರಿಗೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಪೆರುಂಗುಡಿಯ ಡಾಕ್ಟರಿಗೆ ತೋರಿಸಿದೆವು. ಅವರು ಹೇಳಿದ್ದು ನನಗೆ ಅರ್ಥವಾದ ಮಟ್ಟಿಗೆ ಇಷ್ಟು: ಈ ಕ್ಯಾನ್ಸರಿನಲ್ಲಿ ಕೆಲವು ವರ್ಷಗಟ್ಟಲೆ ಬಿದ್ದಲ್ಲೇ ಬಿದ್ದಿರುತ್ತವೆ, ಕೆಲವು ಮೂಳೆಗೆ ಓಡುತ್ತವೆ. ಮಾವನದು ಎರಡರ ನಡುವೆ. ಮೊದಲು ತೆಗೆದ ಮಾಂಸವನ್ನೇ ಮತ್ತೆ ಕೊಯ್ದು ಬಣ್ಣ ಹಾಕಿದರೆ ಒಂದೆರಡು ಗುರುತು ಸಿಗುತ್ತವೆ. ಅದರ ಮೇಲೆ ಮುಂದೆ ಏನಾದೀತು ಎಂದು ಒಂದು ಅಂದಾಜು. ಬಿದ್ದಿರುವ ಜಾತಿಯಾದರೆ ಆಗಾಗ ರಕ್ತ ನೋಡಿದರೆ ಸಾಕು. ಓಡುವ ಜಾತಿಯಾದರೆ ಆಪರೇಷನ್ನೋ, ನಾವು ಕರೆಂಟು ಎನ್ನುವ ರೇಡಿಯೇಷನ್ನೋ.

ಮಾವನಿಗೆ ಸಾವಿನ ಹೆದರಿಕೆ ಇರಲಿಲ್ಲ. ಆಪರೇಷನ್ ಆದ ಮೇಲೆ ಕೆಲವರಿಗೆ ಮೂತ್ರ ನಿಲ್ಲುವುದಿಲ್ಲ ಎಂದು ಯಾರೋ ಹೇಳಿದ್ದರು. ಅದೇ ತಲೆಯಲ್ಲಿ ಕೂತಿತ್ತು.

"ಪಂಚೆ ಒದ್ದೆ ಮಾಡ್ಕಂಡ್ ಅಡ್ಗಿಮನಿ ಒಳ್ಗೆ ಹ್ಯಾಂಗ್ ಬಪ್ಪುದಾ?" ಎಂದು ಒಮ್ಮೆ ನನ್ನನ್ನು ಕೇಳಿದರು. ಮತ್ತೆ ಆ ಮಾತು ಎತ್ತಲಿಲ್ಲ.

ಹಳೇ ಆಸ್ಪತ್ರೆಯಿಂದ ಬ್ಲಾಕ್ ಇಸಕೊಂಡು ಲ್ಯಾಬಿಗೆ ಮುಟ್ಟಿಸುವ ಕೆಲಸ ನನ್ನದು. ಶನಿವಾರ ಅದನ್ನು ತಂದೆ. ಲ್ಯಾಬು ತೆಗೆಯುವುದು ಸೋಮವಾರ. ಮಾವನ ಕೈಗೆ ಕೊಟ್ಟು ಜೋಪಾನ ಎಂದೆ. ಅವರು ಅದನ್ನು ಕವರಿನಿಂದ ತೆಗೆದು, ಬೊಟ್ಟಿಟ್ಟು, ಹೋಟೆಲಿನ ದೇವರ ಪಟದ ಮುಂದೆ ದೀಪದ ಬುಡದಲ್ಲೇ ಇಟ್ಟಿದ್ದರು. ನಮ್ಮಲ್ಲಿ ಹೊಸ ಸಟ್ಟುಗ ಬಂದರೂ ಮೊದಲು ಅಲ್ಲಿಗೇ ಹೋಗುತ್ತದೆ. ಆ ದೀಪ ಬೆಳಿಗ್ಗೆ ಹಚ್ಚಿದರೆ ಬಾಗಿಲು ಹಾಕುವವರೆಗೂ ಆರುವುದಿಲ್ಲ. ಸೋಮವಾರ ಅವರೇ ಕವರಿಗೆ ಹಾಕಿ ತಂದರು. ಲ್ಯಾಬಿನಲ್ಲಿ ಬಿಚ್ಚುವವರೆಗೂ ನಾನು ನೋಡಿರಲಿಲ್ಲ.

"ಫ್ರಿಜ್ಜಿನೊಳ್ಗೆ ಇಡ್ಲಕ್ಕಾ? ಮಾಂಸ ಅಲ್ದಾ ಅದ್," ಎಂದರು ಮಾವ, ಗೋಡೆ ನೋಡುತ್ತಲೇ.

"ಹೋಟ್ಲ್ ಫ್ರಿಜ್ಜಿಗ್ ಆಗ್ದಿದ್ದದ್ ದೇವ್ರಿಗ್ ಆತ್ತಾ, ಮಾವ?"

"ಬಾಯ್ ಮುಚ್ಚ್, ಮಾಣಿ."

ಅಕ್ಕನಿಗೆ ನಮ್ಮ ಭಾಷೆ ಬಾರದು. ಅವರು ಬೈಯಲಿಲ್ಲ, ನಗಲೂ ಇಲ್ಲ. ಮೇಣ ಕರಗಿದ್ದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ, ಅದನ್ನು ಮತ್ತೆ ಕೂರಿಸಬಹುದಂತೆ. ಅವರು ನೋಡುತ್ತಿದ್ದದ್ದು ಎಣ್ಣೆ ಹತ್ತಿದ ಅಂಚನ್ನು. ನಂಬರ್ ಓದಲಾಗದಿದ್ದರೆ ಮುಟ್ಟುವುದಿಲ್ಲ ಎಂದರು. ನನಗೆ ಸಿಟ್ಟು ಬಂತು. ಇದು ಇವರದ್ದೇ, ಆಸ್ಪತ್ರೆಯಿಂದ ನನ್ನ ಕೈಯಲ್ಲೇ ತಂದದ್ದು ಎಂದೆ.

"ನೀವು ತಂದ್ರಿ, ಸರಿ ತಂಬಿ," ಎಂದರು. "ನಿಮ್ಮ ಕೈಗೆ ಬಂದದ್ದು ಯಾರದ್ದು ಅಂತ ಈ ನಂಬರ್ ಬಿಟ್ಟು ಬೇರೆ ಯಾರು ಹೇಳ್ತಾರೆ?"

ಇನ್ನೊಬ್ಬರ ಮಾಂಸ ನೋಡಿ ಮಾವನಿಗೆ ಏನಾಗುತ್ತದೆ ಎಂದು ಬರೆದುಬಿಟ್ಟರೆ? ನಂಬರ್ ಸಿಗದಿದ್ದರೆ ಮಾವನಿಗೆ ಇನ್ನೊಮ್ಮೆ ಸೂಜಿ. ಮೊದಲನೇ ಸಲ ಅವರು ಜ್ವರ ಬಂದು ಮಲಗಿದ್ದರು, ಆಮೇಲೆ ಕಲ್ಲಿನ ಮುಂದೆ ನಿಂತಿರಲಿಲ್ಲ. ಇನ್ನೊಂದು ಸಲ ಬೇಡವೇ ಬೇಡ ಎಂದು ಆಗಲೇ ಹೇಳಿಯಾಗಿತ್ತು.

ಅಕ್ಕ ಹತ್ತಿಯಲ್ಲಿ ಅಂಚನ್ನು ಒರೆಸಿದರು. ಒತ್ತಲಿಲ್ಲ, ಮೆಲ್ಲಗೆ ಎತ್ತಿ ಎತ್ತಿ ಒರೆಸಿದರು. ಪೆನ್ಸಿಲಿನಲ್ಲಿ ಬರೆದದ್ದು, ಅದಕ್ಕೇ ಉಳಿದಿತ್ತು. ಪೆನ್ನಾಗಿದ್ದರೆ ಹೋಗಿರುತ್ತಿತ್ತು ಎಂದರು. ಕೊನೇ ಅಂಕಿ ಮೂರೋ ಎಂಟೋ ಎಂದು ನನಗೆ ಗೊತ್ತಾಗಲಿಲ್ಲ. ಆಸ್ಪತ್ರೆಯವರು ಕೊಟ್ಟ ನಮ್ಮ ಚೀಟಿಯಲ್ಲಿ ಎಂಟು ಇತ್ತು. ನಾನಾಗಿದ್ದರೆ ಎಂಟು ಎಂದು ಮುಗಿಸುತ್ತಿದ್ದೆ. ಅಕ್ಕ ಚೀಟಿಯನ್ನು ಮಗುಚಿ ಹಾಕಿ, ಒಳಗಿದ್ದ ಇನ್ನೊಬ್ಬರನ್ನು ಕರೆದು, ಬ್ಲಾಕ್ ಮಾತ್ರ ಕೊಟ್ಟು ಓದಿ ಎಂದರು. ಅವರು ಭೂತಗನ್ನಡಿಯಲ್ಲಿ ನೋಡಿ ಒಂದೊಂದೇ ಅಂಕಿ ಹೇಳಿದರು. ಕೊನೆಗೆ ಎಂಟು ಎಂದರು. ಆಮೇಲೆ ಅಕ್ಕ ಚೀಟಿ ತಿರುಗಿಸಿದರು. ಎಲ್ಲಾ ಸರಿಯಿತ್ತು. ಇಂಥ ಕೆಲಸ ನಾನು ಎಲ್ಲೂ ನೋಡಿರಲಿಲ್ಲ. ಚೀಟಿ ಮೊದಲೇ ನೋಡಿದವರಿಗೆ ಬೇಕಾದ್ದೇ ಕಾಣುತ್ತದೆ ಎಂದು ಅವರಿಗೆ ಗೊತ್ತಿತ್ತು.

ಕೊಯ್ಯುವ ಮೇಜು ಗಾಜಿನ ಆಚೆ. ನಿಂತು ನೋಡಿದೆ, ಯಾರೂ ಹೋಗು ಎನ್ನಲಿಲ್ಲ. ಕುಂಕುಮ ಹೆರೆದು, ಮೇಣ ಕರಗಿಸಿ, ಎರಡು ಎಳೆಗಳನ್ನು ಬಿಸಿ ಚಿಮಟದಲ್ಲಿ ಅಚ್ಚಿನ ತಳಕ್ಕೆ ಸಮನಾಗಿ ಮಲಗಿಸಿ, ಹೊಸ ಮೇಣ ಹೊಯ್ದರು. ತಣಿದ ಮೇಲೆ ಯಂತ್ರಕ್ಕೆ ಕಚ್ಚಿಸಿ ಚಕ್ರ ತಿರುಗಿಸಿದರು. ಮೇಣ ರಿಬ್ಬನ್ನಿನ ಹಾಗೆ ಹೊರಗೆ ಬಂತು. ಅದನ್ನು ಬಿಸಿನೀರಿನ ಮೇಲೆ ತೇಲಿಬಿಟ್ಟರೆ ಸುಕ್ಕೆಲ್ಲ ಬಿಚ್ಚಿಕೊಳ್ಳುತ್ತದೆ. ಗಾಜಿನ ಪಟ್ಟಿಯನ್ನು ಕೆಳಗಿನಿಂದ ತಂದು ಎತ್ತಿಕೊಳ್ಳುತ್ತಾರೆ. ಪೇಪರ್ ದೋಸೆ ಎಂದು ನಾವು ಜಂಬ ಕೊಚ್ಚುತ್ತೇವಲ್ಲ, ಅದು ಇದರ ಮುಂದೆ ಚಪ್ಪಡಿ ಕಲ್ಲು.

ಒಂದು ಕಡೆ ರಿಬ್ಬನ್ ಹರಿದು ತುಂಡಾಯಿತು. ಅಕ್ಕ ಚಕ್ರ ಬಿಟ್ಟರು. ಬ್ಲಾಕಿನ ಮೇಲೆ ಐಸ್ ಇಟ್ಟು, ಕೈಕಟ್ಟಿ ಕಾದು, ಹತ್ತಿರ ಬಗ್ಗಿ ಒಮ್ಮೆ ಉಸಿರು ಬಿಟ್ಟು ಮತ್ತೆ ತಿರುಗಿಸಿದರು. ಬಂತು. ದುಡುಕುವವರಿಗೆ ಆ ಕೆಲಸ ಅಲ್ಲ. ನನಗಂತೂ ಅಲ್ಲ.

ಬೇಕಾದದ್ದು ಆರು ಪಟ್ಟಿ. ಆರು ಸಿಕ್ಕಿತು. ಇನ್ನು ಈ ಬ್ಲಾಕಿನಲ್ಲಿ ಏನೂ ಉಳಿದಿಲ್ಲ ಎಂದು ಅಕ್ಕ ಹೊರಗೆ ಬಂದು ಹೇಳಿದರು. ಮಾವ ಎದ್ದು ಕೈ ಮುಗಿದರು. ಅಕ್ಕ ತಲೆ ಆಡಿಸಿ ಮುಂದಿನವರ ಚೀಟಿ ಕೇಳಿದರು.

ಹತ್ತು ದಿನ ಬಿಟ್ಟು ಪೆರುಂಗುಡಿಗೆ ಹೋದೆವು. ಡಾಕ್ಟರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಪರದೆ ತುಂಬ ಕಂದು ಬಣ್ಣ. ಒಂದು ಪ್ರೋಟೀನ್ ಹೆಸರು ಹೇಳಿ, ಅದು ಇದೆ ಎಂದರು.

"ಇತ್ತಂಬ್ರಾ?" ಎಂದರು ಮಾವ. ಮುಖ ಇಳಿದುಹೋಯಿತು. ಕೊರೋನಾ ಆದ ಮೇಲೆ ನಮ್ಮವರಿಗೆಲ್ಲ ಯಾವ ಟೆಸ್ಟಿನಲ್ಲೂ ಇದೆ ಎಂದರೆ ಕೇಡು, ಇಲ್ಲ ಎಂದರೆ ಬಚಾವು.

ಇದು ಇರಬೇಕಾದದ್ದು ಎಂದು ಡಾಕ್ಟರು ಬಿಡಿಸಿ ಹೇಳಿದರು. ಇದು ಬ್ರೇಕಿನ ಹಾಗೆ. ಓಡುವ ಜಾತಿಯಲ್ಲಿ ಎಷ್ಟೋ ಸಲ ಈ ಬ್ರೇಕೇ ಇರುವುದಿಲ್ಲ. ಮಾವನದ್ದು ಗಟ್ಟಿಯಿದೆ. ಇನ್ನೊಂದು ಬಣ್ಣದಲ್ಲಿ, ಬೆಳೆಯುತ್ತಿರುವ ಕಣಗಳೂ ಕಮ್ಮಿ. ಇದು ಜಾತಕ ಅಲ್ಲ, ಓಡುವ ಸಾಧ್ಯತೆ ಕಡಿಮೆ ಎಂದಷ್ಟೇ ಹೇಳಬಹುದು ಎಂದೂ ಎರಡು ಸಲ ಹೇಳಿದರು. ಸದ್ಯಕ್ಕೆ ಆಪರೇಷನ್ ಇಲ್ಲ. ಮೂರು ತಿಂಗಳಿಗೊಮ್ಮೆ ರಕ್ತ ನೋಡುವುದು.

ಮಾವ ನನ್ನ ಕಡೆ ತಿರುಗಿದರು. "ನಾಳೆಯಿಂದ ಕಲ್ಲಿನ್ ಮುಂದೆ ನಿಲ್ಲಕ್ಕಾ ಅಂತ ಕೇಣ್."

ತಮಿಳಿನಲ್ಲಿ ಕೇಳಿದೆ. ನಿಲ್ಲಿ ಎಂದರು ಡಾಕ್ಟರು.

ನಿಂತಿದ್ದಾರೆ. ಮೊದಲ ರಕ್ತ ಪರೀಕ್ಷೆ ಮುಂದಿನ ತಿಂಗಳು. ಅದರಲ್ಲಿ ಏನು ಬರುತ್ತದೋ ನನಗೆ ಗೊತ್ತಿಲ್ಲ. ಇದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇಲ್ಲ.