ಅರ್ಧ ಗೋಡೆಗೆ ಸಿಮೆಂಟ್

೧೯೫೮ನೇ ಇಸವಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ನಾನು ಸರ್ಕಾರಿ ಕಟ್ಟಡಗಳ ಓವರ್‌ಸೀಯರ್. ಸ್ಥಳದಲ್ಲಿ ನಿಂತು ಕೆಲಸ ಮಾಡಿಸುವುದು, ಅಳತೆ ಪುಸ್ತಕ ಬರೆಯುವುದು, ಮೇಲಿನ ಸಾಹೇಬರಿಂದ ಬೈಸಿಕೊಳ್ಳುವುದು, ಈ ಮೂರೂ ನನ್ನ ಪಾಲಿನವು. ವಯಸ್ಸು ಇಪ್ಪತ್ತನಾಲ್ಕು, ಊರು ಹಾಸನದ ಬಯಲು ಕಡೆ, ಪ್ರೊಬೇಷನ್ ಮುಗಿಯಲು ಇನ್ನೂ ಏಳು ತಿಂಗಳಿತ್ತು. ಮೂರ್ನಾಡಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದೆ. ಆ ವರ್ಷ ನಾನು ಒಬ್ಬ ಮೇಸ್ತ್ರಿಯ ಹೆಸರನ್ನು ಕೆಡಿಸಿದೆ. ಅದನ್ನು ಸರಿಮಾಡಲು ಹೊರಟಾಗ, ಕೆಡಿಸಿದಷ್ಟು ಸುಲಭವಾಗಿ ಅದು ಆಗಲಿಲ್ಲ.

ಆಗ ಸಿಮೆಂಟ್ ಪರ್ಮಿಟ್ ಮೇಲೆ ಸಿಗುತ್ತಿತ್ತು. ಅರ್ಜಿ ಹಾಕಿ, ಕಾದು, ಮಂಜೂರಾದಷ್ಟನ್ನು ತರಬೇಕು. ಹಾಗಾಗಿ ಸಿಮೆಂಟ್ ಎಂದರೆ ದೊಡ್ಡಸ್ತಿಕೆ. ತೋಟದ ಸಾಹುಕಾರರು ಮನೆಗೆ ಬಂದವರಿಗೆ ಕಾಫಿ ಕೊಡುವ ಮೊದಲು ಸಿಮೆಂಟಿನ ನೆಲ ತೋರಿಸುತ್ತಿದ್ದರು. ಟ್ರೈನಿಂಗ್ ಮುಗಿಸಿ ಬಂದ ನಾನಂತೂ ಮಣ್ಣಿನ ಗೋಡೆ ಕಂಡರೆ ಮೂಗು ಮುರಿಯುತ್ತಿದ್ದೆ. ದೇಶ ಮುಂದೆ ಹೋಗಬೇಕಾದರೆ ಮಣ್ಣು ಹಿಂದೆ ಬೀಳಬೇಕು ಎಂದು ಕ್ಲಬ್ಬಿನಲ್ಲಿ ಭಾಷಣವನ್ನೂ ಮಾಡಿದ್ದೆ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕಕ್ಕಬೆ ಕಡೆಯ ಒಂದು ಹಳ್ಳಿಯಲ್ಲಿ ಎರಡು ಕೋಣೆಯ ಶಾಲೆ ಕಟ್ಟಬೇಕಿತ್ತು. ನಲವತ್ತು ಅಡಿ ಉದ್ದ, ಹದಿನೆಂಟು ಅಡಿ ಅಗಲ; ಕಲ್ಲಿನ ಪಾಯ, ಬಿಸಿಲಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆಯ ಗೋಡೆ, ಮೇಲೆ ಮಂಗಳೂರು ಹೆಂಚು. ಗೋಡೆ ಕಟ್ಟಿದವರು ಚಾತು ಮೇಸ್ತ್ರಿ. ಅವರ ಅಜ್ಜನ ಕಾಲದಲ್ಲಿ ಮಲಯಾಳ ದೇಶದಿಂದ ಘಟ್ಟ ಹತ್ತಿ ಬಂದ ಕುಟುಂಬ. ಐವತ್ತೈದು ದಾಟಿದ, ಒಣಕಲು ಮೈಯ, ಮುಂಗೋಪದ ಮನುಷ್ಯ. ಮಣ್ಣು ತುಳಿಸಿ ನಾಲ್ಕು ದಿನ ಕೊಳೆಯಲು ಬಿಡುತ್ತಿದ್ದರು. ಎರಡಡಿ ಗೋಡೆ ಏರಿತೆಂದರೆ ವಾರ ಅದನ್ನು ಮುಟ್ಟುತ್ತಿರಲಿಲ್ಲ. ನಾನು ಗಡಿಯಾರ ನೋಡಿ ಚಡಪಡಿಸುತ್ತಿದ್ದೆ. ಅವರು ಬೀಡಿ ಹಚ್ಚಿ ಕೂರುತ್ತಿದ್ದರು. ನನ್ನ ತಂದೆಯ ವಯಸ್ಸಿನ ಅವರನ್ನು ನಾನು ಏಕವಚನದಲ್ಲೇ ಕರೆಯುತ್ತಿದ್ದೆ.

ಮಳೆ ಹಿಡಿಯುವ ಮುಂಚೆ ಆ ಕಡೆಯವರು ಪಡುವಣ ಗೋಡೆಗೆ ಬಿದಿರಿನ ತಟ್ಟಿ ಆನಿಸುತ್ತಾರೆ; ಅದಕ್ಕೆ ಒತ್ತಾಗಿ ಹುಲ್ಲು ಕಟ್ಟಿರುತ್ತಾರೆ. ಓರೆಯಾಗಿ ಹೊಡೆಯುವ ಮಳೆ ಹುಲ್ಲಿನ ಮೇಲೆ ಇಳಿದುಹೋಗುತ್ತದೆ, ಗೋಡೆಗೆ ಗಾಳಿ ಆಡುತ್ತದೆ, ಮಳೆಗಾಲ ಮುಗಿದ ಮೇಲೆ ಅದನ್ನು ಬಿಚ್ಚಿಡುತ್ತಾರೆ. ಶಾಲೆಗೂ ಚಾತು ಮೇಸ್ತ್ರಿ ತಟ್ಟಿ ಹೆಣೆಸಿ ತಂದರು.

ಅಷ್ಟರಲ್ಲಿ ನನ್ನ ಬುದ್ಧಿಗೆ ಗ್ರಹಣ ಹಿಡಿಯಿತು. ನೆಲಕ್ಕೆಂದು ತಂದ ಸಿಮೆಂಟಿನಲ್ಲಿ ಮೂರು ಮೂಟೆ ಉಳಿದಿತ್ತು. ಪಡುವಣ ಗೋಡೆ ರಸ್ತೆಗೆ ಮುಖ ಮಾಡಿತ್ತು, ಜೂನ್ ಮೊದಲ ವಾರ ಉದ್ಘಾಟನೆಗೆ ದೊಡ್ಡವರು ಬರುವವರಿದ್ದರು. ಹುಲ್ಲು ಹೊದ್ದ ಸರ್ಕಾರಿ ಕಟ್ಟಡವೇ! ತಟ್ಟಿ ತೆಗೆಸಿ, ಗೋಡೆಗೆ ಅರ್ಧ ಇಂಚು ಸಿಮೆಂಟ್ ಪ್ಲಾಸ್ಟರ್ ಹೊಡೆಯಲು ಹೇಳಿದೆ.

"ಬೇಡ ಸಾರೇ," ಎಂದರು ಮೇಸ್ತ್ರಿ. "ಮಣ್ಣು ನೀರು ಕುಡೀತದೆ, ಬಿಡ್ತದೆ. ಬಾಯಿ ಕಟ್ಟಿದ್ರೆ ಕುಡಿದದ್ದು ಎಲ್ಲಿಗೆ ಹೋಗೋದು? ಚಂದ ಬೇಕಾದ್ರೆ ಸುಣ್ಣ ಬಳೀರಿ."

"ನೀನು ನನಗೆ ಪಾಠ ಹೇಳಬೇಡ," ಎಂದೆ.

"ಗೋಡೆ ಬಿದ್ರೆ ಚಾತು ಕಟ್ಟಿದ್ದು ಅಂತಾರೆ. ಸಿಮೆಂಟ್ ಸಾರಿಂದು ಅಂತ ಯಾರು ಹೇಳ್ತಾರೆ?"

ನಾನು ಬೇರೆ ಆಳುಗಳಿಂದ ಹೊಡೆಸಿದೆ. ಮೂರು ಮೂಟೆ ಒಂದನೇ ಕೋಣೆಯ ಉದ್ದಕ್ಕೆ, ಅಂದರೆ ಅರ್ಧ ಗೋಡೆಗೆ ಸಾಕಾಯಿತು. ಉಳಿದರ್ಧಕ್ಕೆ ಮೇಸ್ತ್ರಿ ಹೋಗಿ ತಮ್ಮ ತಟ್ಟಿ ಆನಿಸಿದರು. ಉದ್ಘಾಟನೆಗೆ ಬಂದವರು ನನ್ನ ಅರ್ಧವನ್ನು ಕೈಯಿಂದ ಬಡಿದು ನೋಡಿ "ಭೇಷ್" ಎಂದರು. ನಾನು ನೆಲದಿಂದ ನಾಲ್ಕು ಅಂಗುಲ ಮೇಲೆ ನಡೆದೆ.

ಜುಲೈನಲ್ಲಿ ಶಾಲೆಯ ಬೆಳ್ಯಪ್ಪ ಮಾಸ್ತರರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚೀಟಿ ಕಳಿಸಿದರು. ಭೂಪಟ ತೂಗುಹಾಕಿದ ಮೊಳೆ ಗೋಡೆಯಲ್ಲಿ ನಿಲ್ಲುತ್ತಿಲ್ಲ, ಬಂದು ನೋಡಿ ಎಂದಿತ್ತು. ಒಂದು ಮೊಳೆಗಾಗಿ ಓವರ್‌ಸೀಯರ್ ಬರಬೇಕಂತೆ ಎಂದು ನಕ್ಕೆ. ಆದರೆ ಆ ನಗು ಒಳಗಿಳಿಯಲಿಲ್ಲ. ಎಂಟು ದಿನ ಊಟ ರುಚಿಸದೆ, ಮಳೆಯ ಸದ್ದಿಗೆ ಕಿವಿಗೊಟ್ಟುಕೊಂಡು, ಹೋಗದೇ ಇರಲು ನೆಪ ಹುಡುಕಿದೆ. ಎರಡನೇ ಚೀಟಿ ಬಂತು: "ಈಗ ಮೊಳೆ ಹೊಡೆಯಲು ಸುತ್ತಿಗೆ ಬೇಡ."

ಮುಂದಿನ ಬಸ್ಸಿಗೇ ಹೋದೆ. ಹೊರಗಿನಿಂದ ಪ್ಲಾಸ್ಟರ್ ಜಬರ್ದಸ್ತಾಗಿತ್ತು, ಕೂದಲೆಳೆಯಂಥ ನಾಲ್ಕಾರು ಬಿರುಕು ಬಿಟ್ಟರೆ ಏನಿಲ್ಲ. ಒಳಗೆ ಮಾಸ್ತರರು ಮೊಳೆ ಕೊಟ್ಟರು. ಗೋಡೆಗಿಟ್ಟು ಹೆಬ್ಬೆರಳಲ್ಲಿ ಒತ್ತಿದೆ. ಹಲಸಿನ ಹಣ್ಣಿಗೆ ಹೊಕ್ಕಂತೆ ಪೂರ್ತಿ ಹೊಕ್ಕಿತು.

"ಎಂತ ಸಾರ್, ಮಕ್ಕಳನ್ನ ಕೂರ್ಸೋದಾ ಬೇಡ್ವಾ?" ಎಂದರು ಮಾಸ್ತರರು.

ಆ ಕ್ಷಣವೇ ಮಕ್ಕಳನ್ನೆಲ್ಲ ಪಕ್ಕದ ತೋಟದ ಕಾಫಿ ಗೋದಾಮಿಗೆ ಕಳಿಸಿದೆವು. ಹೆಂಚಿನ ಮಾಡು ಬೀಳದಂತೆ ಮರದ ಕಂಬ ಕೊಟ್ಟೆವು. ಎರಡು ದಿನಕ್ಕೆ, ಹಾಡುಹಗಲೇ, ಸಿಮೆಂಟ್ ಹೊಡೆಸಿದ ಅರ್ಧ ಗೋಡೆ ಬುಡದಿಂದ ಕುಸಿಯಿತು. ನಾನು ಎದುರಿಗೇ ನಿಂತಿದ್ದೆ. ಮಣ್ಣು ಒಳಗೆ ಜಾರಿತು; ನನ್ನ ಪ್ಲಾಸ್ಟರ್ ಮಾತ್ರ ಅರೆಕ್ಷಣ ಹಪ್ಪಳದ ಹಾಗೆ ನಿಂತಿದ್ದು ಆಮೇಲೆ ಮುರಿಯಿತು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು.

ಚಾತು ಕಟ್ಟಿದ ಗೋಡೆ ಬಿತ್ತು ಎಂಬ ಸುದ್ದಿ ನನಗಿಂತ ಮೊದಲು ಮೂರ್ನಾಡು ಸೇರಿತ್ತು. ಬೇಸಿಗೆಯಲ್ಲಿ ಮನೆ ಕಟ್ಟಿಸಲು ಅವರನ್ನು ಗೊತ್ತುಮಾಡಿದ್ದ ಇಬ್ಬರು ಬೇಡವೆಂದರು. ಮಡಿಕೇರಿಯಿಂದ ಸಾಹೇಬರು ನನ್ನನ್ನು ಕರೆಸಿಕೊಂಡರು. "ಮೇಸ್ತ್ರಿಯ ಮಣ್ಣು ಕಳಪೆ ಅಂತ ಬರೆದುಬಿಡಿ. ನಿಮ್ಮ ಪ್ರೊಬೇಷನ್ ನೆನಪಿದೆ ತಾನೆ?" ಎಂದರು. ಕೆಟ್ಟವರೇನಲ್ಲ, ನನ್ನನ್ನು ಉಳಿಸಲು ಹಾಗೆ ಹೇಳಿದ್ದು. ನಾನು ಬರೆದೆ. ಹೌದು, ಬರೆದೆ. ಸಹಿ ಮಾತ್ರ ಹಾಕಲಾಗದೆ ಮೂರು ದಿನ ಆ ಕಾಗದವನ್ನು ಟ್ರಂಕಿನಿಂದ ತೆಗೆಯುವುದು, ಓದುವುದು, ಇಡುವುದು. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಎನ್ನಿಸುತ್ತಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಚಾತು ಮೇಸ್ತ್ರಿಯೇ ಬಂದರು. ಮಳೆಗೆ ಹೊದೆಯುವ ಎಲೆಯ ಗೊರಬೆ ಹೊದ್ದು ನೀರು ಸುರಿಸುತ್ತ ಒಳಗೆ ಬಂದು, ನನ್ನ ಮೇಜಿನ ಮೇಲೆ ಎರಡು ಮಣ್ಣಿನ ಹೆಂಟೆ ಇಟ್ಟರು. ಒಂದು ಬೆರಳಿಗೆ ಮೆತ್ತಿಕೊಂಡಿತು. ಇನ್ನೊಂದನ್ನು ಮೇಜಿಗೆ ಕುಟ್ಟಿದರು, ಟಕ್ ಎಂದಿತು.

"ನನ್ನ ಮಣ್ಣು ಕಳಪೆ ಅಂತ ಬರೀತಿದ್ದೀರಂತೆ, ಮಡಿಕೇರಿ ಕಡೆಯವರು ಹೇಳಿದ್ರು. ಇದು ಸಿಮೆಂಟಿನ ಹಿಂದಿನದ್ದು. ಇದು ತಟ್ಟಿ ಹಿಂದಿನದ್ದು. ಒಂದೇ ಗುಂಡಿ, ಒಂದೇ ಗೋಡೆ, ಒಂದೇ ಮಳೆ. ಕಳಪೆ ಯಾವುದು ಅಂತ ಕೈಯಲ್ಲಿ ಹಿಡಿದು ನೋಡಿ ಬರೀರಿ ಸಾರೇ!"

ನಾಚಿಕೆಯಿಂದ ಸತ್ತುಹೋದೆ. ಅವರೆದುರೇ ಕಾಗದ ಹರಿದು ಬೇರೆ ಬರೆದೆ: ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದು ಓವರ್‌ಸೀಯರ್, ಮೇಸ್ತ್ರಿ ಬೇಡವೆಂದಿದ್ದರು, ಬಿರುಕಿನಿಂದ ಒಳಹೊಕ್ಕ ನೀರು ಹೊರಬರಲಾಗದೆ ಗೋಡೆ ಕುಸಿದಿದೆ. ಸಹಿ ಹಾಕಿ ಓದಿ ಹೇಳಿದೆ. ಮೇಸ್ತ್ರಿ ಖುಷಿಪಡುತ್ತಾರೆ ಎಂದುಕೊಂಡಿದ್ದೆ.

"ಇದು ಮಡಿಕೇರಿಗೆ ಹೋಗ್ತದೆ," ಎಂದರು. "ಮೂರ್ನಾಡಿಗೆ ಯಾರು ಓದಿ ಹೇಳೋದು?"

ಕೊಡೆ ಹಿಡಿದು ಅವರ ಹಿಂದೆ ಹೊರಟೆ. ಕೆಲಸ ಬೇಡವೆಂದಿದ್ದ ಇಬ್ಬರ ಜಗಲಿಯಲ್ಲೂ ನಿಂತು, ಸರ್ಕಾರಿ ಮನುಷ್ಯನಾದ ನಾನು, ತಪ್ಪು ನನ್ನದು, ಇವರದ್ದಲ್ಲ ಎಂದೆ. ಎರಡನೇ ಮನೆಯ ಯಜಮಾನರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ಮೇಸ್ತ್ರಿಯ ಕಡೆ ತಿರುಗಿ, "ಹಾಗಾದ್ರೆ ಬೇಸಿಗೆಗೆ ಬರ್ತೀರಾ?" ಎಂದರು.

"ಬರ್ತೇನೆ. ಈ ಸಾರನ್ನ ಕರೀಬೇಡಿ," ಎಂದರು ಚಾತು ಮೇಸ್ತ್ರಿ. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ, ಎಷ್ಟೋ ವಾರಗಳ ಮೇಲೆ ಮೊದಲ ಬಾರಿ.

ನನ್ನ ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ ಹೋಯಿತು. ಜನವರಿಯಲ್ಲಿ ಮೇಸ್ತ್ರಿ ಬಿದ್ದ ಮಣ್ಣನ್ನೇ ಮತ್ತೆ ತುಳಿಸಿ ಇಟ್ಟಿಗೆ ಹಾಕಿ ಗೋಡೆ ಎಬ್ಬಿಸಿದರು. ಸಿಮೆಂಟಿನ ಚೂರುಗಳು ಯಾವುದಕ್ಕೂ ಬಾರದೆ ಹಿತ್ತಲಲ್ಲಿ ಬಿದ್ದಿದ್ದವು. ಮೇ ಕೊನೆಯಲ್ಲಿ ನಾನೇ ಹೋಗಿ ತಟ್ಟಿ ಕಟ್ಟಲು ಕೈ ಹಾಕಿದೆ. ನನ್ನ ಗಂಟು ಸಡಿಲವೆಂದು ಅವರು "ಥೂ" ಎಂದು ಬಿಚ್ಚಿ ಮತ್ತೆ ಕಟ್ಟಿದರು.

ಈಗ ಮಣ್ಣಿನ ಮನೆಗೆ ಮತ್ತೆ ಬೇಡಿಕೆ ಬಂದಿದೆ. ಪರಿಸರಸ್ನೇಹಿ ಕಟ್ಟಡ ಎನ್ನುತ್ತ ತರುಣ ಆರ್ಕಿಟೆಕ್ಟುಗಳು ಹೊಳೆಯುವ ಚಿತ್ರ ಹಿಡಿದು ಈ ಮುದುಕನ ಅಭಿಪ್ರಾಯ ಕೇಳಲು ಬರುತ್ತಾರೆ. ವಿಚಾರ ಚೆನ್ನಾಗಿಯೇ ಇರುತ್ತದೆ. ನಾನು ಎಲ್ಲವನ್ನೂ ನೋಡಿ, ಕಟ್ಟುವ ಮೇಸ್ತ್ರಿಯ ಹೆಸರೇನು ಎಂದು ಕೇಳುತ್ತೇನೆ. ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಕೇಳಿಕೊಂಡು ಬನ್ನಿ, ಆಮೇಲೆ ಮಾತಾಡೋಣ ಎಂದು ವಾಪಸ್ ಕಳಿಸುತ್ತೇನೆ.